ಎಲ್ಲ ಪಿಕ್ಸೆಲ್ ಜೋಡಿಗಳಲ್ಲೂ ಸೊನ್ನೆಯಲ್ಲೇ ಶಿಖರ: ಒಂಟಿ ಫೋಟಾನ್ ರೋಹಿತಮಾಪಕದಲ್ಲಿ ಇದು ನಿಜವೋ ಸುಳ್ಳೋ?

ರೋಹಿತಪ್ರಿಯ
ನಮಸ್ಕಾರ. ಉಷ್ಣ ಬೆಳಕಿನ (ದೀಪ, ನಕ್ಷತ್ರಗಳ ಹಾಗೆ ತೀವ್ರತೆ ತಾನಾಗಿ ಏರಿಳಿಯುವ ಬೆಳಕಿನ) ಫೋಟಾನ್‌ಗಳು ಒಂದರ ಬೆನ್ನಿಗೊಂದು ಬಂದು ಬೀಳುವ ಹ್ಯಾನ್ಬರಿ ಬ್ರೌನ್–ಟ್ವಿಸ್ ಪರಿಣಾಮವನ್ನು (ಮುಂದೆ ಎಚ್‌ಬಿಟಿ ಎನ್ನುತ್ತೇನೆ) ಒಂದೊಂದು ತರಂಗಾಂತರದಲ್ಲೂ ಬೇರೆಬೇರೆಯಾಗಿ ಅಳೆಯುವ ಜೋಡಣೆ ಇದು.

ಮೂಲ: 800 ನ್ಯಾ.ಮೀ. ಸೂಪರ್‌ಲ್ಯೂಮಿನೆಸೆಂಟ್ ಡಯೋಡ್, ಅದರ ಮುಂದೆ 1 ನ್ಯಾ.ಮೀ. ಅಗಲದ ಫಿಲ್ಟರ್. ನಂತರ ಬೆಳಕನ್ನು ಎರಡು ಸಮಪಾಲು ಮಾಡುವ 50:50 ಫೈಬರ್ ಸ್ಪ್ಲಿಟರ್. ಅದರ ಎರಡು ತುದಿಗಳು 127 ಮೈಕ್ರೊಮೀಟರ್ ಅಂತರದ ವಿ-ಗ್ರೂವ್‌ನಲ್ಲಿ (ಫೈಬರ್‌ಗಳನ್ನು ಹಿಡಿದಿಡುವ ಚಡಿಗಳ ಪಟ್ಟಿ) ಅಕ್ಕಪಕ್ಕದ ಚಡಿಗಳಲ್ಲಿವೆ. ಬೆಳಕನ್ನು ಸಮಾಂತರ ಮಾಡುವ ಕಾಲಿಮೇಟರ್ 75 ಮಿ.ಮೀ., ತರಂಗಾಂತರಗಳನ್ನು ಬೇರ್ಪಡಿಸುವ ಗ್ರೇಟಿಂಗ್ ಮಿ.ಮೀ.ಗೆ 1200 ಗೆರೆ, ಸೆನ್ಸರ್ ಮುಂದಿನ ಲೆನ್ಸ್ 500 ಮಿ.ಮೀ. ಸೆನ್ಸರ್, ಒಂದೊಂದೇ ಫೋಟಾನ್ ಎಣಿಸುವ ಲಿನೋಸ್ಪ್ಯಾಡ್2: ಒಂದೇ ಸಾಲಿನಲ್ಲಿ 512 ಪಿಕ್ಸೆಲ್, ಪಿಕ್ಸೆಲ್ ಅಂತರ 26.2 ಮೈಕ್ರೊಮೀಟರ್. ಎರಡು ರೋಹಿತಗಳೂ ತಲಾ 26 ಪಿಕ್ಸೆಲ್ ಅಗಲ, ಒಂದರಿಂದ ಇನ್ನೊಂದಕ್ಕೆ 32 ಪಿಕ್ಸೆಲ್ ದೂರ. ಪ್ರತಿ ಪಿಕ್ಸೆಲ್‌ನಲ್ಲಿ ಸೆಕೆಂಡಿಗೆ ಸುಮಾರು 20 ಸಾವಿರ ಎಣಿಕೆ.

ಒಂದು ಗಂಟೆಯ ಡೇಟಾದಲ್ಲಿ, ಜೋಡಿಯ ಎರಡು ಪಿಕ್ಸೆಲ್‌ಗಳಿಗೆ ಫೋಟಾನ್ ಬಂದ ಕ್ಷಣಗಳ ಕಾಲವ್ಯತ್ಯಾಸದ ಹಿಸ್ಟೋಗ್ರಾಂ ಹಾಕಿದರೆ ಸೊನ್ನೆಯಲ್ಲಿ ಶಿಖರ ಚೆನ್ನಾಗಿಯೇ ಎದ್ದಿದೆ, ತಳಮಟ್ಟಕ್ಕಿಂತ ಕಾಲು ಭಾಗದಷ್ಟು ಎತ್ತರ. ಆದರೆ ಒಂದೇ ತರಂಗಾಂತರದ ಜೋಡಿಗಳಲ್ಲಿ ಮಾತ್ರವಲ್ಲ, ಬೇರೆ ತರಂಗಾಂತರದ ಜೋಡಿಗಳಲ್ಲೂ ಇದೆ. ಇದನ್ನು ಎಚ್‌ಬಿಟಿ ಎಂದು ನಂಬಬಹುದೇ?

ಕ್ಷಣಗಣಿತ
ನಂಬಬೇಡಿ. ಉಷ್ಣ ಬೆಳಕಿನಲ್ಲಿ ಬೇರೆ ಬೇರೆ ಆವರ್ತನದ ಮೋಡ್‌ಗಳ ತೀವ್ರತೆ ಒಂದಕ್ಕೊಂದು ಸಂಬಂಧವಿಲ್ಲದೆ ಏರಿಳಿಯುತ್ತದೆ. ಹಾಗಾಗಿ ತರಂಗಾಂತರ ಹೊಂದದ ಜೋಡಿಗಳಲ್ಲಿ ಹಿಸ್ಟೋಗ್ರಾಂ ಚಪ್ಪಟೆಯಾಗಿರಬೇಕು. ಈ ಮಾಪಕದ ದೊಡ್ಡ ಅನುಕೂಲವೇ ಅದು: ಹೊಂದದ ಜೋಡಿಗಳು ತಾವಾಗಿಯೇ ಪರಿಶೀಲನೆಯ ಸಾಕ್ಷಿಗಳಾಗುತ್ತವೆ. ಅಲ್ಲಿಯೂ ಶಿಖರ ಬಂತೆಂದರೆ ಅದು ಸೆನ್ಸರಿನೊಳಗೆ ಹುಟ್ಟಿದ್ದು.

ಇದು ಕ್ರಾಸ್‌ಟಾಕ್. ಒಂದು ಪಿಕ್ಸೆಲ್‌ನಲ್ಲಿ ಅವಲಾಂಚ್ (ಫೋಟಾನ್ ಬಿದ್ದಾಗ ಉಕ್ಕುವ ವಿದ್ಯುತ್ ಪ್ರವಾಹ) ಆದಾಗ ಆ ಪ್ರವಾಹವೇ ಒಂದಿಷ್ಟು ಬೆಳಕು ಸೂಸುತ್ತದೆ. ಅದು ಸಿಲಿಕಾನ್ ಮೂಲಕವೋ ಮೇಲಿನ ಗಾಜಿಗೆ ತಾಗಿ ಮರಳಿಯೋ ಇನ್ನೊಂದು ಪಿಕ್ಸೆಲ್ ಅನ್ನು ಎಬ್ಬಿಸುತ್ತದೆ. ತೀರ ಪಕ್ಕದ ಪಿಕ್ಸೆಲ್‌ಗೆ ಸಾವಿರಕ್ಕೆ ಒಂದೆರಡು ಸಲ ಹೀಗಾಗುತ್ತದೆ. ದೂರ ಹೋದಂತೆ ಬೇಗ ಇಳಿಯುತ್ತದೆ, ಪೂರ್ತಿ ಸೊನ್ನೆಯಾಗುವುದಿಲ್ಲ.

ನಿಮ್ಮದೇ ಅಂಕಿಗಳನ್ನು ಇಟ್ಟು ನೋಡಿ. ತಲಾ 20 ಸಾವಿರ ಎಣಿಕೆ, 100 ಪಿಕೊಸೆಕೆಂಡ್ ಬಿನ್ (ಹಿಸ್ಟೋಗ್ರಾಂನ ಒಂದು ಖಾನೆ). ಆಕಸ್ಮಿಕವಾಗಿ ಜೊತೆಯಾಗುವ ಜೋಡಿಗಳು ಸೆಕೆಂಡಿಗೆ 20000 × 20000 × 100 ಪಿಕೊಸೆಕೆಂಡ್, ಅಂದರೆ 0.04. ಎಚ್‌ಬಿಟಿ ಅದರ ಮೇಲೆ ಹೆಚ್ಚೆಂದರೆ 0.3 ಪಾಲು ಸೇರಿಸುತ್ತದೆ: ಸೆಕೆಂಡಿಗೆ 0.012. ಕ್ರಾಸ್‌ಟಾಕ್ ಎರಡೂ ಕಡೆಯಿಂದ ಹುಟ್ಟಬಹುದು, ಅಂದರೆ ಸೆಕೆಂಡಿಗೆ 40 ಸಾವಿರ ಅವಕಾಶ. ಅವುಗಳಲ್ಲಿ ಕೋಟಿಗೆ ಮೂರು ಫಲಿಸಿದರೂ ಸಾಕು, ನಿಮ್ಮ ಎಚ್‌ಬಿಟಿಯಷ್ಟೇ ಎತ್ತರದ ಸುಳ್ಳು ಶಿಖರ ಎದ್ದು ನಿಲ್ಲುತ್ತದೆ. 32 ಪಿಕ್ಸೆಲ್ ದೂರ ಸಾಲದು ಎನ್ನುವುದು ಇದಕ್ಕೇ.

ಖಚಿತಪಡಿಸಿಕೊಳ್ಳಲು ಬೆಳಕನ್ನು ಅರ್ಧಕ್ಕೆ ಇಳಿಸಿ ಮತ್ತೆ ಅಳೆಯಿರಿ. ಎಚ್‌ಬಿಟಿಯೂ ಆಕಸ್ಮಿಕ ಜೋಡಿಗಳೂ ಎಣಿಕೆಯ ವರ್ಗಕ್ಕೆ ಅನುಗುಣ, ಆದ್ದರಿಂದ ತಳಮಟ್ಟದಿಂದ ಭಾಗಿಸಿದ ಎತ್ತರ ಬದಲಾಗದು. ಕ್ರಾಸ್‌ಟಾಕ್ ಎಣಿಕೆಗೆ ನೇರ ಅನುಗುಣ. ಹಾಗಾಗಿ ಭಾಗಿಸಿದ ಎತ್ತರ ಎರಡರಷ್ಟಾಗುತ್ತದೆ. ಹತ್ತು ನಿಮಿಷದ ಲೆಕ್ಕಕ್ಕೆ ಇಷ್ಟು ಸ್ಪಷ್ಟ ಉತ್ತರ ಕೊಡುವ ಪರೀಕ್ಷೆ ಬೇರೆ ಇಲ್ಲ.

ಗೆರೆಗ್ರೇಟಿಂಗ್
ಪರಿಹಾರಕ್ಕೆ ಎರಡು ಕೆಲಸ, ಎರಡನ್ನೂ ಮಾಡಿ.

ಒಂದು, ರೋಹಿತಗಳನ್ನು ದೂರ ಮಾಡಿ. ವಿ-ಗ್ರೂವ್‌ನಲ್ಲಿ ಮೊದಲನೆಯ ಮತ್ತು ಐದನೆಯ ಚಡಿ ಬಳಸಿದರೆ ಫೈಬರ್ ಅಂತರ 0.508 ಮಿ.ಮೀ. ಲೆನ್ಸ್‌ಗಳ ಅನುಪಾತ 500/75, ಅಂದರೆ 6.67 ಪಟ್ಟು. ಸೆನ್ಸರಿನ ಮೇಲೆ 3.39 ಮಿ.ಮೀ. ದೂರವಾಗುತ್ತದೆ, ಸುಮಾರು 129 ಪಿಕ್ಸೆಲ್. ಹಾಗೆ ಮಾಡಿದರೆ 1 ನ್ಯಾ.ಮೀ. ಫಿಲ್ಟರ್‌ಗೇ ಅಂಟಿಕೊಳ್ಳಬೇಕಿಲ್ಲ, ಒಂದೊಂದು ರೋಹಿತಕ್ಕೂ 5 ನ್ಯಾ.ಮೀ. ಜಾಗ ಸಿಗುತ್ತದೆ. ಆದರೆ ಫಿಲ್ಟರ್ ತೆಗೆದುಬಿಡಬೇಡಿ. ಡಯೋಡಿನ ರೋಹಿತ ಅದಕ್ಕಿಂತ ಅಗಲ, ಒಂದು ಫೈಬರಿನ ಬಾಲ ಇನ್ನೊಂದರ ಜಾಗಕ್ಕೆ ಚಾಚಿಕೊಳ್ಳುತ್ತದೆ. 5 ನ್ಯಾ.ಮೀ. ಫಿಲ್ಟರ್ ಹಾಕಿ, ಎರಡೂ ಅಂಚಿನಲ್ಲಿ 14 ಪಿಕ್ಸೆಲ್ ಕೈಬಿಡಿ. ನೂರು ಜೋಡಿ ಉಳಿಯುತ್ತವೆ.

ಎರಡು, ಸ್ಪ್ಲಿಟರಿನ ಒಂದು ತೋಳಿಗೆ 2 ಮೀಟರ್ ಫೈಬರ್ ಹೆಚ್ಚಿಗೆ ಸೇರಿಸಿ. ಮೀಟರಿಗೆ 4.9 ನ್ಯಾನೊಸೆಕೆಂಡ್ ವಿಳಂಬ. ನಿಜವಾದ ಶಿಖರ 9.8 ನ್ಯಾನೊಸೆಕೆಂಡಿಗೆ ಸರಿಯುತ್ತದೆ, ಕ್ರಾಸ್‌ಟಾಕ್ ಸೊನ್ನೆಯಲ್ಲೇ ಉಳಿಯುತ್ತದೆ. ಎರಡು ಒಂದರ ಮೇಲೊಂದು ಬೀಳುವ ಪ್ರಶ್ನೆಯೇ ಇಲ್ಲ. ಫೈಬರ್ ಉದ್ದ ಒಂದೆರಡು ಮಿ.ಮೀ. ಆಚೀಚೆಯಾದರೂ ಚಿಂತೆಯಿಲ್ಲ, ಇಲ್ಲಿ ಅಲೆಗಳು ಒಂದರೊಡನೊಂದು ವ್ಯತಿಕರಿಸಬೇಕಿಲ್ಲ. 1 ಮಿ.ಮೀ. ಎಂದರೆ ಬರೀ 4.9 ಪಿಕೊಸೆಕೆಂಡ್.

ಇನ್ನೊಂದು: ಸೂಪರ್‌ಲ್ಯೂಮಿನೆಸೆಂಟ್ ಡಯೋಡಿಗೆ ಬೆಳಕು ಮರಳಿ ಹೋಗಬಾರದು. ಕೋನದಲ್ಲಿ ಪಾಲಿಶ್ ಮಾಡಿದ ಕನೆಕ್ಟರ್‌ಗಳನ್ನೇ ಬಳಸಿ, ಸಾಧ್ಯವಾದರೆ ಐಸೊಲೇಟರ್ ಇಡಿ. ಇಲ್ಲವಾದರೆ ರೋಹಿತದಲ್ಲಿ ಸಣ್ಣ ಅಲೆಯಂಥ ಏರಿಳಿತ ಬರುತ್ತದೆ, ಅದು ಹೊತ್ತು ಹೊತ್ತಿಗೆ ಜರುಗುತ್ತದೆ.

ಕ್ಷಣಗಣಿತ
129 ಪಿಕ್ಸೆಲ್ ಸಲಹೆಗೆ ನನ್ನ ಒಪ್ಪಿಗೆಯಿದೆ, ಇನ್ನೊಂದು ಕಾರಣಕ್ಕೂ. ಎರಡು ರೋಹಿತಗಳೂ ಸೆನ್ಸರಿನ ಒಂದೇ ಅರ್ಧದಲ್ಲಿ, 256 ಪಿಕ್ಸೆಲ್‌ಗಳೊಳಗೆ ಇರಲಿ. ಎರಡು ಅರ್ಧಕ್ಕೆ, ಸಮಯ ದಾಖಲಿಸುವ ಎರಡು ಎಫ್‌ಪಿಜಿಎ ಬೋರ್ಡ್ ಇರುವಾಗ ಎರಡಕ್ಕೂ ಒಂದೇ ಗಡಿಯಾರ ಕೊಡದಿದ್ದರೆ ಕೆಲಸ ಕೆಡುತ್ತದೆ. ಎರಡು ಗಡಿಯಾರಗಳ ಸ್ಫಟಿಕಗಳ ನಡುವೆ ದಶಲಕ್ಷಕ್ಕೆ ಒಂದರಷ್ಟು ವ್ಯತ್ಯಾಸವಿದ್ದರೂ 4 ಮಿಲಿಸೆಕೆಂಡಿನಲ್ಲಿ 4 ನ್ಯಾನೊಸೆಕೆಂಡ್ ಜಾರಿರುತ್ತದೆ. 100 ಪಿಕೊಸೆಕೆಂಡಿನ ಶಿಖರ ಅಷ್ಟರಲ್ಲಿ ಹರಡಿ ಮಾಯ.

ನಕ್ಷತ್ರನೋಟ
ನನ್ನದೊಂದು ಮೂಲಭೂತ ಪ್ರಶ್ನೆ, ಬಹಳ ಜನ ಕೇಳುತ್ತಾರೆ: ಬೆಳಕನ್ನು ನೂರು ಪಿಕ್ಸೆಲ್‌ಗೆ ಹಂಚಿದರೆ ಪ್ರತಿಯೊಂದಕ್ಕೂ ಸಿಗುವುದು ನೂರನೇ ಒಂದು ಪಾಲು. ಜೋಡಿಗಳು ಹತ್ತು ಸಾವಿರ ಪಟ್ಟು ಕಡಿಮೆ. ಹಾಗಿದ್ದೂ ಲಾಭವೇ?

ಗೆರೆಗ್ರೇಟಿಂಗ್
ಲಾಭವೇ, ಮತ್ತು ಇದೇ ಈ ಉಪಕರಣದ ಜೀವಾಳ. ಲೆಕ್ಕ ಮಾಡಿ ತೋರಿಸುತ್ತೇನೆ.

ಹಂಚದೆ ಅಳೆದರೆ: ಎರಡು ಡಿಟೆಕ್ಟರ್‌ಗಳಲ್ಲೂ ಸೆಕೆಂಡಿಗೆ 20 ಲಕ್ಷ ಎಣಿಕೆ. 100 ಪಿಕೊಸೆಕೆಂಡ್ ಬಿನ್‌ನಲ್ಲಿ ಸೆಕೆಂಡಿಗೆ 400 ಆಕಸ್ಮಿಕ ಜೋಡಿ, ಗಂಟೆಗೆ 14 ಲಕ್ಷದ 40 ಸಾವಿರ. ಅದರ ಏರುಪೇರು ವರ್ಗಮೂಲದಷ್ಟು, ಅಂದರೆ 1200. ಪಟ್ಟೆ ನೂರು ಪಟ್ಟು ಅಗಲವಾಗಿರುವುದರಿಂದ ಸಂಸಕ್ತತೆಯ ಕಾಲ (ಅಲೆ ತನ್ನ ಲಯ ಉಳಿಸಿಕೊಳ್ಳುವ ಹೊತ್ತು) ನೂರನೇ ಒಂದು ಪಾಲಿಗೆ ಇಳಿದಿರುತ್ತದೆ, ಡಿಟೆಕ್ಟರ್ ಅದನ್ನು ಮಸುಕಾಗಿಸುತ್ತದೆ. ಶಿಖರದ ಪಾಲು 0.3 ಅಲ್ಲ, 0.003. ಗಂಟೆಗೆ 4320 ಹೆಚ್ಚುವರಿ ಜೋಡಿ. 4320 ಭಾಗಿಸು 1200, ಅಂದರೆ 3.6 ಸಿಗ್ಮಾ (ಏರುಪೇರಿನ 3.6 ಪಟ್ಟು).

ಹಂಚಿದಾಗ ಒಂದೇ ಜೋಡಿ ಪಿಕ್ಸೆಲ್: ಗಂಟೆಗೆ 144 ಆಕಸ್ಮಿಕ ಜೋಡಿ, ಏರುಪೇರು 12, ಶಿಖರದಲ್ಲಿ ಹೆಚ್ಚುವರಿ 43. ಅದೂ 3.6 ಸಿಗ್ಮಾ!

ನೂರು ಪಿಕ್ಸೆಲ್ ಜೋಡಿಗಳಲ್ಲಿ ಒಂದೊಂದೂ, ಇಡೀ ಬೆಳಕು ಸೇರಿ ಮಾಡುವಷ್ಟೇ ಕೆಲಸ ಮಾಡುತ್ತದೆ. ನೂರನ್ನೂ ಕೂಡಿಸಿದರೆ ವರ್ಗಮೂಲದಂತೆ ಹತ್ತು ಪಟ್ಟು, 36 ಸಿಗ್ಮಾ. ಅದೇ ಬೆಳಕು, ಅದೇ ಒಂದು ಗಂಟೆ.

ನಕ್ಷತ್ರನೋಟ
ಸ್ಪಷ್ಟವಾಯಿತು. ಪಟ್ಟೆಯ ಅಗಲ ಎಷ್ಟಿದ್ದರೂ ಸಂಕೇತದ ಬಲ ಅಷ್ಟೇ ಎನ್ನುವುದು ಈ ವಿಧಾನದ ಹಳೆಯ ಗುಣ. 1956ರಲ್ಲಿ ಹ್ಯಾನ್ಬರಿ ಬ್ರೌನ್ ಮತ್ತು ಟ್ವಿಸ್ ಪಾದರಸ ದೀಪದ 435.8 ನ್ಯಾ.ಮೀ. ರೇಖೆಯಲ್ಲಿ ಇದನ್ನು ತೋರಿಸಿ, ಅದೇ ವರ್ಷ ಸಿರಿಯಸ್ (ಲುಬ್ಧಕ) ನಕ್ಷತ್ರಕ್ಕೆ ಅನ್ವಯಿಸಿದರು. ಆಮೇಲೆ ಆಸ್ಟ್ರೇಲಿಯಾದ ನ್ಯಾರಬ್ರೈಯಲ್ಲಿ 188 ಮೀಟರ್ ವ್ಯಾಸದ ವೃತ್ತಾಕಾರದ ಹಳಿಯ ಮೇಲೆ 6.5 ಮೀಟರಿನ ಎರಡು ಪ್ರತಿಫಲಕಗಳನ್ನು ಓಡಿಸಿ 32 ನಕ್ಷತ್ರಗಳ ಕೋನವ್ಯಾಸ ಅಳೆದರು. ಅಲ್ಲಿ ಅಳೆದದ್ದು ಪ್ರಖರ ನಕ್ಷತ್ರಗಳನ್ನು ಮಾತ್ರ. ಒಂದೇ ಪಟ್ಟೆಯ ಬದಲು ಸಾವಿರ ಪಟ್ಟೆಗಳನ್ನು ಏಕಕಾಲಕ್ಕೆ ಎಣಿಸಬಲ್ಲ ಸೆನ್ಸರ್ ಇದ್ದರೆ ಎಷ್ಟು ಮಂಕಾದ ನಕ್ಷತ್ರದವರೆಗೆ ಹೋಗಬಹುದು ಎಂದು ಯೋಚಿಸಿದರೆ ಮೈ ಜುಮ್ಮೆನ್ನುತ್ತದೆ.

ಹಾಗಾದರೆ 40 ಪಿಕೊಸೆಕೆಂಡಿನ ಸೆನ್ಸರಿಗಿಂತ 5 ಪಿಕೊಸೆಕೆಂಡಿನದ್ದು ಸಿಕ್ಕರೆ ಎಂಟು ಪಟ್ಟು ಲಾಭವೇ?

ಗೆರೆಗ್ರೇಟಿಂಗ್
ಇದೇ ಗ್ರೇಟಿಂಗ್ ಇಟ್ಟುಕೊಂಡರೆ ಇಲ್ಲ. ಕಾರಣ ಕಣ್ಣಿಗೆ ಕಾಣುವಂತಿದೆ, ಗ್ರೇಟಿಂಗ್ ಮೇಲೆ ಬಿದ್ದ ಬೆಳಕಿನ ಚುಕ್ಕೆಯನ್ನೇ ನೋಡಿ.

800 ನ್ಯಾ.ಮೀ.ನಲ್ಲಿ 40 ಪಿಕೊಮೀಟರ್ (ಹೆಚ್ಚುಕಡಿಮೆ ಒಂದು ಪಿಕ್ಸೆಲ್‌ನ ಪಟ್ಟೆ) ಬೇರ್ಪಡಿಸಲು 20000 ಗೆರೆಗಳು ಬೆಳಗಬೇಕು. ಮಿ.ಮೀ.ಗೆ 1200 ಗೆರೆಯಾದರೆ ಗ್ರೇಟಿಂಗ್ ಮೇಲೆ 16.7 ಮಿ.ಮೀ. ಅಗಲ. ಒಂದು ಗೆರೆಯಿಂದ ಮುಂದಿನ ಗೆರೆಗೆ ಹೋದಂತೆ ಬೆಳಕಿನ ದಾರಿ ಸರಿಯಾಗಿ ಒಂದು ತರಂಗಾಂತರದಷ್ಟು ಉದ್ದವಾಗುತ್ತದೆ, ಇಲ್ಲವಾದರೆ ಆ ದಿಕ್ಕಿಗೆ ಬೆಳಕೇ ಹೋಗದು. ಈ ತುದಿಯಿಂದ ಆ ತುದಿಗೆ 20000 × 800 ನ್ಯಾ.ಮೀ., ಅಂದರೆ 16 ಮಿ.ಮೀ. ಹೆಚ್ಚು ದಾರಿ. ಅದನ್ನು ದಾಟಲು ಬೆಳಕಿಗೆ 53 ಪಿಕೊಸೆಕೆಂಡ್ ಬೇಕು. ಫೋಟಾನ್ ಗ್ರೇಟಿಂಗಿನ ಯಾವ ತುದಿಗೆ ತಾಗಿ ಬಂತು ಎಂದು ಹೇಳಲು ಬರುವುದಿಲ್ಲ. ಹಾಗಾಗಿ ಅದು ಹೊರಟ ಕ್ಷಣವೂ ಅಷ್ಟೇ ಅಸ್ಪಷ್ಟ. ತರಂಗಾಂತರವನ್ನು ನಿಖರವಾಗಿ ಕೇಳಿದ್ದಕ್ಕೆ ಗ್ರೇಟಿಂಗ್ ಕಾಲದಲ್ಲಿ ತೆರಿಗೆ ವಸೂಲು ಮಾಡಿತು. ಹೈಸನ್‌ಬರ್ಗ್ ಮಿತಿ ಇಲ್ಲಿ ಮಿಲಿಮೀಟರ್ ಲೆಕ್ಕದಲ್ಲಿ ಕೈಗೆ ಸಿಗುತ್ತದೆ.

ಅಂಕಿಯಲ್ಲಿ: 40 ಪಿಕೊಮೀಟರ್ ಅಂದರೆ 18.75 ಗಿಗಾಹರ್ಟ್ಸ್. ಅರ್ಧ ಎತ್ತರದ ಅಗಲಗಳನ್ನು ಹಿಡಿದರೆ ಗೌಸ್ ಆಕಾರದ ಸ್ಪಂದನಕ್ಕೆ ಎರಡರ ಗುಣಲಬ್ಧ 0.44ಕ್ಕಿಂತ ಇಳಿಯದು, ಅಂದರೆ ಸುಮಾರು 24 ಪಿಕೊಸೆಕೆಂಡ್. 5 ಪಿಕೊಸೆಕೆಂಡಿನ ಸೆನ್ಸರ್ ಕೈಗೆ ಬಂದರೆ ಪಿಕ್ಸೆಲ್‌ನ ಪಟ್ಟೆಯನ್ನೂ ಅಗಲ ಮಾಡಿ, ಗ್ರೇಟಿಂಗ್ ಅನ್ನು ಒರಟು ಮಾಡಿ. ಆಗ ಲಾಭ ಸಿಗುತ್ತದೆ, ಆದರೆ ಪ್ರತಿ ಜೋಡಿಯ ಸಿಗ್ಮಾದಲ್ಲಿ ಅದು ಎಂಟರ ವರ್ಗಮೂಲದಷ್ಟು, ಸುಮಾರು 2.8 ಪಟ್ಟು.

ಜೋಡಿಫೋಟಾನ್
ಇಲ್ಲಿಯವರೆಗೆ ಉಷ್ಣ ಬೆಳಕಿನ ಮಾತಾಯಿತು. ಡೌನ್ ಕನ್ವರ್ಶನ್‌ನಿಂದ (ಹರಳಿನಲ್ಲಿ ಪಂಪ್ ಲೇಸರಿನ ಒಂದು ಫೋಟಾನ್ ಎರಡಾಗಿ ಒಡೆಯುವುದರಿಂದ) ಬರುವ ಫೋಟಾನ್ ಜೋಡಿಗಳಿಗೆ ಇದೇ ಸೆನ್ಸರ್ ಆರಿಸುವ ಮೊದಲು ಎರಡು ಸಲ ಯೋಚಿಸಿ ಎನ್ನುತ್ತೇನೆ. ಈ ಬಗೆಯ ಸಿಲಿಕಾನ್ ಸಾಲುಗಳ ದಕ್ಷತೆ ಹಸಿರಿನಲ್ಲಿ, 520 ನ್ಯಾ.ಮೀ. ಸುತ್ತ, ಹೆಚ್ಚು. 800ಕ್ಕೆ ಬರುವಷ್ಟರಲ್ಲಿ ಹಲವು ಪಟ್ಟು ಇಳಿದಿರುತ್ತದೆ. ಪಿಕ್ಸೆಲ್‌ನ ಸಕ್ರಿಯ ಭಾಗವೂ ಇಡೀ ಪಿಕ್ಸೆಲ್ ಅಲ್ಲ. ಒಟ್ಟು ದಕ್ಷತೆ 5% ಎಂದಿಟ್ಟುಕೊಳ್ಳಿ. ಜೋಡಿಯ ಎರಡೂ ಸಿಗುವ ಸಂಭವ 0.25%. ಉಷ್ಣ ಬೆಳಕಿನಲ್ಲಾದರೆ ಮೂಲದ ಪ್ರಖರತೆ ಹೆಚ್ಚಿಸಿ ತುಂಬಿಕೊಳ್ಳಬಹುದು, ಇಲ್ಲಿ ಪಂಪ್ ಹೆಚ್ಚಿಸಿದರೆ ಒಂದೇ ಕ್ಷಣದಲ್ಲಿ ಎರಡು ಜೋಡಿ ಹುಟ್ಟಿ ಲೆಕ್ಕ ಕೆಡುತ್ತದೆ.

1550 ನ್ಯಾ.ಮೀ. ಜೋಡಿಗಳಿಗೆ ಗ್ರೇಟಿಂಗ್ ಬದಲು ಉದ್ದ ಫೈಬರ್ ಸುರುಳಿಯೇ ವಾಸಿ. ಸಾಮಾನ್ಯ ಟೆಲಿಕಾಂ ಫೈಬರ್ ತರಂಗಾಂತರಗಳನ್ನು ಕಾಲದಲ್ಲಿ ಕಿಲೋಮೀಟರಿಗೆ, ನ್ಯಾ.ಮೀ.ಗೆ ಸುಮಾರು 17 ಪಿಕೊಸೆಕೆಂಡ್ ಹರಡುತ್ತದೆ. 10 ಕಿ.ಮೀ. ಆದರೆ ನ್ಯಾ.ಮೀ.ಗೆ 170. ಡಿಟೆಕ್ಟರ್ ಜಿಟರ್ (ಸಮಯದ ಅನಿಶ್ಚಿತತೆ) 50 ಪಿಕೊಸೆಕೆಂಡ್ ಇದ್ದರೆ 0.3 ನ್ಯಾ.ಮೀ. ಬಿಡಿಸಬಹುದು, ನಷ್ಟ ಬರೀ 2 ಡೆಸಿಬೆಲ್. ಸೂಪರ್‌ಕಂಡಕ್ಟಿಂಗ್ ತಂತಿ ಡಿಟೆಕ್ಟರ್ ಎರಡು ಸಾಕು, ಅವುಗಳ ದಕ್ಷತೆ 90% ದಾಟುತ್ತದೆ. ಲೇಸರ್ 80 ಮೆಗಾಹರ್ಟ್ಸ್ ಆದರೆ ಸ್ಪಂದನಗಳ ನಡುವೆ 12.5 ನ್ಯಾನೊಸೆಕೆಂಡ್, ಸುಮಾರು 73 ನ್ಯಾ.ಮೀ. ಅಗಲದ ನಂತರ ಒಂದರ ಬಾಲ ಇನ್ನೊಂದರ ತಲೆಗೆ ತಾಗುತ್ತದೆ. ಫಿಲ್ಟರ್ ಅದರೊಳಗೆ ಇರಲಿ. ಆದರೆ ಇದು ಸ್ಪಂದನ ಲೇಸರಿಗೆ ಮಾತ್ರ ನಡೆಯುವ ದಾರಿ. ಹುಟ್ಟಿದ ಕ್ಷಣ ಗೊತ್ತಿಲ್ಲದ ಉಷ್ಣ ಬೆಳಕಿಗೆ ಇದು ಆಗದು. 800ರಲ್ಲಿ ಫೈಬರ್ ನಷ್ಟ ಕಿಲೋಮೀಟರಿಗೆ ಸುಮಾರು 3 ಡೆಸಿಬೆಲ್, ಅಲ್ಲಿ 10 ಕಿ.ಮೀ. ಸುರುಳಿಯ ಮಾತೇ ಬೇಡ.

ಸಮಯದ ನಿಖರತೆ ನ್ಯಾನೊಸೆಕೆಂಡ್ ಮಟ್ಟದಲ್ಲಿ ಸಾಕೆಂದರೆ ಬೆಳಕನ್ನು ವರ್ಧಿಸುವ ಇಂಟೆನ್ಸಿಫೈಯರ್ ಜೊತೆಗಿನ ಟೈಮ್‌ಪಿಕ್ಸ್3 ಕ್ಯಾಮೆರಾ ಇದೆ: 256 × 256 ಪಿಕ್ಸೆಲ್, 1.56 ನ್ಯಾನೊಸೆಕೆಂಡ್ ಗಡಿಯಾರ. ಜೋಡಿ ಫೋಟಾನ್‌ಗೆ ಅದು ಒಪ್ಪುತ್ತದೆ, ಎಚ್‌ಬಿಟಿಗೆ ನಿಧಾನವಾಯಿತು.

ರೋಹಿತಪ್ರಿಯ
ಎಲ್ಲರಿಗೂ ಧನ್ಯವಾದ. ಬೆಳಕು ಅರ್ಧ ಮಾಡಿದಾಗ ಭಾಗಿಸಿದ ಎತ್ತರ ಹೆಚ್ಚುಕಡಿಮೆ ಎರಡರಷ್ಟಾಯಿತು. ಕ್ರಾಸ್‌ಟಾಕ್ ಖಚಿತ. ಈಗ ಚಡಿ ಬದಲಿಸಿ 2 ಮೀಟರ್ ಫೈಬರ್ ಸೇರಿಸುವ ಹೊತ್ತಿಗೆ ತರಂಗಾಂತರದ ಮತ್ತು ಕಾಲದ ಕ್ಯಾಲಿಬ್ರೇಶನ್ ಮೊದಲಿಂದ ಮಾಡಬೇಕು. ಯಾವ ಕ್ರಮ ಒಳ್ಳೆಯದು? ಪಿಕೊಸೆಕೆಂಡ್ ಲೇಸರ್ ಇಲ್ಲ.

ಗೆರೆಗ್ರೇಟಿಂಗ್
ಮೊದಲು ಸೆನ್ಸರಿನ ಓರೆ ಸರಿಪಡಿಸಿ. ಒಂದೇ ಸಾಲಿನ ಸೆನ್ಸರಿನಲ್ಲಿ ಇದು ಎಲ್ಲಕ್ಕಿಂತ ಕಿರಿಕಿರಿಯ ಕೆಲಸ. ಪೂರ್ತಿ ಸಾಲಿನ ಉದ್ದ 13.4 ಮಿ.ಮೀ. ನಡುವಿನಿಂದ ತುದಿಗೆ 6.7 ಮಿ.ಮೀ. ಹೋಗುವಾಗ ಬೆಳಕಿನ ಗೆರೆ 5 ಮೈಕ್ರೊಮೀಟರಿಗಿಂತ ಹೆಚ್ಚು ಜಾರಬಾರದು ಎಂದರೆ ಓರೆ 0.04 ಡಿಗ್ರಿಯೊಳಗೆ ಇರಬೇಕು. ಒಂದು ತುದಿಯಲ್ಲಿ ಎಣಿಕೆ ಚೆನ್ನಾಗಿದ್ದು ಇನ್ನೊಂದರಲ್ಲಿ ಇಳಿಯುತ್ತಿದ್ದರೆ ಫಿಲ್ಟರ್ ಮೇಲೆ ಅನುಮಾನ ಪಡುವ ಮೊದಲು ಸೆನ್ಸರ್ ಅನ್ನು ಮೇಲೆ ಕೆಳಗೆ ಸರಿಸಿ ನೋಡಿ. ಗರಿಷ್ಠ ಬೇರೆ ಬೇರೆ ಎತ್ತರದಲ್ಲಿ ಸಿಕ್ಕರೆ ಓರೆಯೇ ಕಾರಣ.

ತರಂಗಾಂತರಕ್ಕೆ ಆರ್ಗಾನ್ ದೀಪ. 800.616 ಮತ್ತು 801.479 ನ್ಯಾ.ಮೀ. ಎರಡೂ ನಿಮ್ಮ ಪಟ್ಟೆಯಲ್ಲೇ ಬೀಳುತ್ತವೆ, ನಡುವೆ ಸುಮಾರು 22 ಪಿಕ್ಸೆಲ್ ಬರಬೇಕು. ಗ್ರೇಟಿಂಗ್ ತಿರುಗಿಸಿ 772.376 ಮತ್ತು 772.421ರ ಜೋಡಿಯನ್ನೂ ಒಮ್ಮೆ ನೋಡಿ. ಅಂತರ 45 ಪಿಕೊಮೀಟರ್. ಅವೆರಡೂ ಬೇರೆಯಾಗಿ ಕಂಡರೆ ನಿಮ್ಮ ಫೋಕಸ್ ಬಗ್ಗೆ ನಿಶ್ಚಿಂತೆ.

ಇವೆಲ್ಲ ಗಾಳಿಯಲ್ಲಿನ ತರಂಗಾಂತರಗಳು. ಕೋಷ್ಟಕಗಳಲ್ಲಿ ನಿರ್ವಾತದ ಅಂಕಿಗಳೂ ಇರುತ್ತವೆ. 800ರ ಹತ್ತಿರ ಎರಡರ ವ್ಯತ್ಯಾಸ 0.22 ನ್ಯಾ.ಮೀ., ಅಂದರೆ ನಿಮ್ಮ ಸೆನ್ಸರಿನಲ್ಲಿ ಆರು ಪಿಕ್ಸೆಲ್. ಅರ್ಧ ಅಲ್ಲಿಂದ, ಅರ್ಧ ಇಲ್ಲಿಂದ ತೆಗೆದುಕೊಂಡರೆ ಎಷ್ಟು ತಡಕಾಡಿದರೂ ತಪ್ಪು ಸಿಗುವುದಿಲ್ಲ.

ಗ್ರೇಟಿಂಗ್ ಹಿಡಿದಿರುವ ಮೌಂಟ್ ತೀರ ಸ್ವಲ್ಪ ಅಲುಗಿದರೂ ರೋಹಿತ ಒಂದು ಪಿಕ್ಸೆಲ್ ಜರುಗುತ್ತದೆ. ಏಸಿ ಗಾಳಿ ನೇರವಾಗಿ ಮೇಜಿಗೆ ಬಡಿಯದಂತೆ ಡಬ್ಬ ಮುಚ್ಚಿ, ಮಾಪನದ ಮೊದಲೂ ನಂತರವೂ ದೀಪದ ರೇಖೆ ನೋಡಿ.

ಕ್ಷಣಗಣಿತ
ಕಾಲದ ಕ್ಯಾಲಿಬ್ರೇಶನ್‌ಗೆ ಎರಡು ಹಂತ.

ಎಫ್‌ಪಿಜಿಎ ಗಡಿಯಾರದ 2.5 ನ್ಯಾನೊಸೆಕೆಂಡನ್ನು 140 ಬಿನ್‌ಗಳಾಗಿ ಸೀಳಲಾಗಿದೆ, ಸರಾಸರಿ 17.9 ಪಿಕೊಸೆಕೆಂಡ್. ಆದರೆ ಬಿನ್‌ಗಳು ಸಮನಾಗಿರುವುದಿಲ್ಲ. ಕೋಣೆಯ ಬೆಳಕನ್ನು ಸಮವಾಗಿ ಬಿಟ್ಟು ಪ್ರತಿ ಸರ್ಕ್ಯೂಟಿಗೂ 10 ಲಕ್ಷ ಎಣಿಕೆ ಸೇರಿಸಿ. ಒಂದು ಬಿನ್‌ಗೆ ಸುಮಾರು 7000 ಬರುತ್ತದೆ, ಅಗಲ 1.2% ನಿಖರತೆಯಲ್ಲಿ ತಿಳಿಯುತ್ತದೆ. ಬೋರ್ಡಿನ ಬಿಸಿ ಕೆಲವು ಡಿಗ್ರಿ ಬದಲಾದರೆ ಮತ್ತೆ ಮಾಡಿ.

ಇನ್ನು ಪಿಕ್ಸೆಲ್‌ನಿಂದ ಪಿಕ್ಸೆಲ್‌ಗೆ ಇರುವ ವಿಳಂಬದ ವ್ಯತ್ಯಾಸ. ಲೇಸರ್ ಇಲ್ಲವೆಂದರೆ ಕ್ರಾಸ್‌ಟಾಕ್ ಅನ್ನೇ ಬಳಸಿಕೊಳ್ಳಿ. ತೀರ ಪಕ್ಕದ ಎರಡು ಪಿಕ್ಸೆಲ್‌ಗಳ ನಡುವೆ ಸೆಕೆಂಡಿಗೆ ಹತ್ತಾರು ಕ್ರಾಸ್‌ಟಾಕ್ ಘಟನೆಗಳು ಸಿಗುತ್ತವೆ. ಇದರಿಂದ ಅದಕ್ಕೆ, ಅದರಿಂದ ಇದಕ್ಕೆ ಎರಡೂ ದಿಕ್ಕಿನಲ್ಲಿ ಸಮಾನವಾಗಿ ಆಗುವುದರಿಂದ ಹಿಸ್ಟೋಗ್ರಾಂನ ನಡುಬಿಂದುವೇ ಇಬ್ಬರ ವಿಳಂಬದ ವ್ಯತ್ಯಾಸ. ಹತ್ತು ನಿಮಿಷದಲ್ಲಿ ಒಂದು ಪಿಕೊಸೆಕೆಂಡಿಗಿಂತ ಕಡಿಮೆ ದೋಷ. 129 ಪಿಕ್ಸೆಲ್ ಸರಪಳಿ ಕಟ್ಟಿದರೂ ಒಟ್ಟು ದೋಷ ಹತ್ತು ಪಿಕೊಸೆಕೆಂಡ್ ಆಸುಪಾಸಿನಲ್ಲೇ ಉಳಿಯುತ್ತದೆ. ನಡುವೆ ಹಾಟ್ ಪಿಕ್ಸೆಲ್ (ಬೆಳಕಿಲ್ಲದೆಯೂ ವಿಪರೀತ ಎಣಿಸುವಂಥದ್ದು) ಬಂದರೆ ಅದನ್ನು ದಾಟಿ ಎರಡು ಪಿಕ್ಸೆಲ್ ದೂರದ ಜೋಡಿ ಹಿಡಿಯಿರಿ, ಅಲ್ಲಿ ಹೆಚ್ಚು ಹೊತ್ತು ಬೇಕಾಗುತ್ತದೆ.

ಡೇಟಾ ಬಗ್ಗೆ: 256 ಪಿಕ್ಸೆಲ್, ತಲಾ 20 ಸಾವಿರ, ಒಂದಕ್ಕೆ 4 ಬೈಟ್. ಸೆಕೆಂಡಿಗೆ 20 ಮೆಗಾಬೈಟ್, ಗಂಟೆಗೆ 70 ಗಿಗಾಬೈಟ್ ದಾಟುತ್ತದೆ. ಎರಡು ಪಟ್ಟಿಗಳನ್ನೂ ಕಾಲಕ್ರಮದಲ್ಲಿ ಜೋಡಿಸಿ, ಎರಡರಲ್ಲೂ ಒಂದೊಂದು ಬೆರಳಿಟ್ಟಂತೆ ಮುಂದೆ ಸರಿಸುತ್ತ 20 ನ್ಯಾನೊಸೆಕೆಂಡ್ ಕಿಟಕಿಯೊಳಗಿನವನ್ನು ಮಾತ್ರ ಹೋಲಿಸಿ. ಎಲ್ಲವನ್ನೂ ಎಲ್ಲದರ ಜೊತೆ ಹೋಲಿಸುವ ಕೋಡ್ ಬರೆದರೆ ಮುಗಿಯುವುದೇ ಇಲ್ಲ. ಪ್ರತಿ ಸುತ್ತಿನ ಕೊನೆಯಲ್ಲಿ ಬಫರ್ ತುಂಬಿತ್ತೇ ನೋಡಿ. ತುಂಬಿದ್ದರೆ ಆ ಸುತ್ತಿನ ಉಳಿದ ಹೊತ್ತು ಸೆನ್ಸರ್ ಕುರುಡು, ತಳಮಟ್ಟದ ಲೆಕ್ಕ ತಪ್ಪುತ್ತದೆ.

ನಕ್ಷತ್ರನೋಟ
ಮೊದಲ ಪ್ರಯೋಗಕ್ಕೆ ಡಯೋಡ್ ಬದಲು ಆರ್ಗಾನ್ ರೇಖೆಯನ್ನೇ ಬಳಸಿ. ಡಾಪ್ಲರ್ ಅಗಲ 2 ಪಿಕೊಮೀಟರ್ ಆಸುಪಾಸು, ಸಂಸಕ್ತತೆಯ ಕಾಲ ನೂರಾರು ಪಿಕೊಸೆಕೆಂಡ್. ಶಿಖರ ಅಗಲವಾಗಿ, ಎತ್ತರವಾಗಿ ಬರುತ್ತದೆ, ಕ್ಯಾಲಿಬ್ರೇಶನ್ ಸ್ವಲ್ಪ ತಪ್ಪಿದ್ದರೂ ಕಾಣೆಯಾಗದು. ದೀಪದ ಬೆಳಕು ಧ್ರುವೀಕರಣವಾಗಿರುವುದಿಲ್ಲ, ಆದ್ದರಿಂದ ಶಿಖರದ ಪಾಲು ಅರ್ಧ. ಫೈಬರ್ ಮುಂದೆ ಪೋಲರೈಸರ್ ಇಟ್ಟಾಗ ಅದು ಎರಡರಷ್ಟಾದರೆ ಉಪಕರಣ ನಂಬಲರ್ಹ. ಪ್ರಾಸಂಗಿಕವಾಗಿ, ಭಾಗಶಃ ಧ್ರುವೀಕೃತ ಬೆಳಕಿನ ಸಂಸಕ್ತತೆಯನ್ನು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಪಂಚರತ್ನಂ ಅವರು ಬಿಡಿಸಿಟ್ಟದ್ದೂ ಅದೇ 1956ರಲ್ಲೇ.

ರೋಹಿತಪ್ರಿಯ
ಡಯೋಡಿನ ಫಲಿತಾಂಶ: 9.8 ನ್ಯಾನೊಸೆಕೆಂಡಿನಲ್ಲಿ ಶಿಖರ ಬಂದಿದೆ, ತರಂಗಾಂತರ ಹೊಂದುವ ಜೋಡಿಗಳಲ್ಲಿ ಮಾತ್ರ. ಹೊಂದದವು ಚಪ್ಪಟೆ. ಆದರೆ 129 ಪಿಕ್ಸೆಲ್ ದೂರದ ಜೋಡಿಯಲ್ಲಿ ಪಾಲು 0.3ರ ಬದಲು ಸುಮಾರು 0.2. 130 ದೂರದ ಜೋಡಿಯಲ್ಲೂ 0.1ರ ಹತ್ತಿರ ಒಂದು ಸಣ್ಣ ಶಿಖರವಿದೆ. ವಿ-ಗ್ರೂವ್ ಅನ್ನು ಸ್ವಲ್ಪ ತಿರುಗಿಸಿ ಸರಿಹೊಂದಿಸಲೇ?

ಗೆರೆಗ್ರೇಟಿಂಗ್
ತಿರುಗಿಸಬೇಡಿ! 508 ಮೈಕ್ರೊಮೀಟರ್ ಅನ್ನು 6.67ರಿಂದ ಗುಣಿಸಿ 26.2ರಿಂದ ಭಾಗಿಸಿದರೆ 129.3 ಪಿಕ್ಸೆಲ್. ಆ ಮೇಲಿನ ಕಾಲು ಪಿಕ್ಸೆಲ್ಲೇ ನಿಮಗೆ ಕಾಣುತ್ತಿರುವುದು: ಒಂದು ಪಿಕ್ಸೆಲ್‌ನ ಪಟ್ಟೆಯ ಮುಕ್ಕಾಲು ಭಾಗ ಒಂದು ಜೊತೆಗಾರನ ಮೇಲೆ, ಕಾಲು ಭಾಗ ಇನ್ನೊಬ್ಬನ ಮೇಲೆ. ಅದನ್ನು 129.0ಕ್ಕೆ ತರಲು ವಿ-ಗ್ರೂವ್ ಸುಮಾರು 3.6 ಡಿಗ್ರಿ ತಿರುಗಬೇಕು, ಆಗ ಎರಡನೆಯ ರೋಹಿತ ಲಂಬವಾಗಿ 0.2 ಮಿ.ಮೀ. ಜರುಗಿ ಸೆನ್ಸರ್ ಸಾಲಿನಿಂದಲೇ ಹೊರಗೆ ಬೀಳುತ್ತದೆ.

ಎರಡೂ ಜೋಡಿಗಳನ್ನು ಅವುಗಳ ಪಾಲಿಗೆ ತಕ್ಕ ತೂಕ ಕೊಟ್ಟು ಕೂಡಿಸಿ. 0.74 ಮತ್ತು 0.26 ತೂಕದಲ್ಲಿ ಸೇರಿಸಿದರೆ ಪೂರ್ತಿ ಹೊಂದಿದ್ದಾಗ ಸಿಗುವ ಸಿಗ್ಮಾದ 78% ಕೈಗೆ ಬರುತ್ತದೆ. ಗ್ರೇಟಿಂಗಿನ ಹರಡುವಿಕೆ ಪಟ್ಟೆಯುದ್ದಕ್ಕೂ ಒಂದೇ ಸಮನಿರದ ಕಾರಣ ಈ ಭಿನ್ನರಾಶಿ ಒಂದು ತುದಿಯಿಂದ ಇನ್ನೊಂದಕ್ಕೆ ಮೆಲ್ಲಗೆ ಬದಲಾಗುತ್ತದೆ. ತೂಕಗಳನ್ನು ಆರ್ಗಾನ್ ರೇಖೆಗಳ ಕ್ಯಾಲಿಬ್ರೇಶನ್‌ನಿಂದ ಪಿಕ್ಸೆಲ್‌ವಾರು ತೆಗೆದುಕೊಳ್ಳಿ, ಶಿಖರದ ಎತ್ತರ ನೋಡಿ ಹೊಂದಿಸಬೇಡಿ.